ಮೇಯರಮ್ಮನ ಕೊಂಬು

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಇಪ್ಪತ್ತನಾಲ್ಕು ವರ್ಷ. ಮದುವೆಯಾಗಿ ನ್ಯೂಜೆರ್ಸಿಗೆ ಬಂದು ಒಂದು ಚಳಿಗಾಲ ಕಳೆದಿದ್ದೆ. ಮೆಟುಚೆನ್ನಿನ ನಮ್ಮ ಅಪಾರ್ಟ್‌ಮೆಂಟಿನಿಂದ ನನ್ನ ಗಂಡ ಬೆಳಿಗ್ಗೆ ರೈಲು ಹಿಡಿದು ನ್ಯೂಯಾರ್ಕಿಗೆ ಹೋದರೆ ವಾಪಸು ಬರುವುದು ದೀಪ ಹಚ್ಚಿದ ಮೇಲೆ. ಅಲ್ಲಿಯವರೆಗೆ ಮನೆಯಲ್ಲಿ ನಾನು, ಒಂದು ರೇಡಿಯೋ, ಮತ್ತು ಸೀರೆಗಳ ಅಡಿಯಲ್ಲಿಟ್ಟ ನನ್ನ ಪ್ರಾಣಿಶಾಸ್ತ್ರದ ಎಂ.ಎಸ್‌ಸಿ. ಪದವಿ. ಮೈಸೂರಿನಲ್ಲಿ ಅದಕ್ಕಾಗಿ ಎರಡು ವರ್ಷ ಕಪ್ಪೆ, ಜಿರಳೆ ಕೊಯ್ದಿದ್ದೆ. ಇಲ್ಲಿ ಕೊಯ್ಯುವುದಕ್ಕೆ ಇದ್ದದ್ದು ಬೀನ್ಸು ಮಾತ್ರ.

ಮನೆಯಿಂದ ಸ್ವಲ್ಪ ದೂರ ನಡೆದರೆ ಪಕ್ಕದ ಊರಿನ ಪಾರ್ಕು. ಅದರ ಹಿಂಬದಿಯಲ್ಲಿ ಓಕ್ ಮರಗಳ ತೋಪಿಗೆ ಎತ್ತರದ ತಂತಿಬೇಲಿ ಹಾಕಿ ಹತ್ತು ಹನ್ನೆರಡು ಜಿಂಕೆ ಸಾಕಿದ್ದರು. ಭಾನುವಾರ ಮಕ್ಕಳು ಬಂದು ಬ್ರೆಡ್ಡು ತಿನ್ನಿಸುತ್ತಿದ್ದರು. ವಾರದ ಉಳಿದ ದಿನ ತಿನ್ನಿಸುತ್ತಿದ್ದವಳು ನಾನೊಬ್ಬಳೇ. ಬೇಸಿಗೆಯ ಒಂದು ಬೆಳಿಗ್ಗೆ, ಬಟ್ಟೆಯ ಹೂವುಗಳಿದ್ದ ಹ್ಯಾಟು ಹಾಕಿಕೊಂಡ, ಅರವತ್ತು ದಾಟಿದ ಅಮೆರಿಕನ್ ಹೆಂಗಸೊಬ್ಬರು ಪಕ್ಕಕ್ಕೆ ಬಂದು ನಿಂತು ಇಂಗ್ಲಿಷಿನಲ್ಲಿ ಕೇಳಿದರು: "ದಿನಾ ಬರ್ತೀಯಲ್ಲ, ಜಿಂಕೆ ಅಂದ್ರೆ ಅಷ್ಟು ಇಷ್ಟಾನಾ?"

ಇಷ್ಟ ಅಂದರೆ ಸಾಕಿತ್ತು. ಆದರೆ ತಿಂಗಳುಗಟ್ಟಲೆ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. "ನಾನು ಜುವಾಲಜಿಯಲ್ಲಿ ಎಂ.ಎಸ್‌ಸಿ. ಮಾಡಿದೀನಿ," ಎಂದುಬಿಟ್ಟೆ.

ಆಕೆ ನಗತೊಡಗಿದರು. ಎಂಥ ನಗು ಅಂದರೆ ಹ್ಯಾಟಿನ ಹೂವುಗಳೆಲ್ಲ ಅಲ್ಲಾಡಿದವು. ಆಕೆ ಪಾರ್ಕ್ ಕಮಿಟಿಯ ಅಧ್ಯಕ್ಷೆ. ಜಿಂಕೆಗಳ ಬಗ್ಗೆ ತೀರ್ಮಾನ ಮಾಡುವ ನಾಲ್ವರಲ್ಲಿ ಒಬ್ಬರು ಊರು ಬಿಟ್ಟು ಫ್ಲೋರಿಡಾಕ್ಕೆ ಹೊರಟುಹೋಗಿದ್ದರಂತೆ. "ನಮ್ಮಲ್ಲಿ ಪ್ರಾಣಿಗಳ ಬಗ್ಗೆ ಒಂದು ಪುಸ್ತಕ ಓದಿದವರೂ ಇಲ್ಲ. ಆ ಕುರ್ಚೀಲಿ ನೀನು ಬಂದು ಕೂತ್ಕೋ," ಎಂದರು. ಮನೆಗೆ ನಡೆದು ಬಂದೆನೋ ಓಡಿ ಬಂದೆನೋ ನೆನಪಿಲ್ಲ. ಸಂಜೆ ಗಂಡ ಬೂಟು ಬಿಚ್ಚುವ ಮೊದಲೇ ಸುದ್ದಿ ಒಪ್ಪಿಸಿದೆ.

"ಏನು ಮಾಡ್ಬೇಕಂತೆ ನೀನು?"

"ಜಿಂಕೆಗಳ ವಿಷಯ ತೀರ್ಮಾನ ಮಾಡ್ಬೇಕಂತೆ ರೀ."

"ಜಿಂಕೆಗಳಿಗೆ ಅಂಥ ವಿಷಯ ಏನಿರತ್ತೆ?" ಎಂದು ಅವರು ನಿಜವಾಗಿಯೂ ಆಶ್ಚರ್ಯದಿಂದ ಕೇಳಿದರು.

ಕಮಿಟಿಯ ಉಳಿದಿಬ್ಬರಲ್ಲಿ ಒಬ್ಬರು ಜಿಂಕೆಗಳನ್ನು ನೋಡಿಕೊಳ್ಳುತ್ತಿದ್ದ ಮುದುಕ. ಹಿಂದೆ ಹಾಲಿನ ವ್ಯಾನು ಓಡಿಸಿದವರು, ಟೋಪಿ ತೆಗೆದರೆ ಹಣೆಯ ಮೇಲೆ ಅದರ ಗೆರೆ ಉಳಿದಿರುತ್ತಿತ್ತು. ಇನ್ನೊಬ್ಬರು ನಿವೃತ್ತ ಪೊಲೀಸ್ ಸಾರ್ಜೆಂಟ್, ಹುಟ್ಟು ಬೇಟೆಗಾರ. ಅವರ ನಡುಮನೆಯಲ್ಲಿ ಗೋಡೆ ಕಾಣದಷ್ಟು ಜಿಂಕೆಯ ತಲೆಗಳಿವೆ ಎಂದು ಅಧ್ಯಕ್ಷೆ ನನ್ನ ಕಿವಿಯಲ್ಲಿ ಹೇಳಿದರು.

ಜಿಂಕೆಗಳಲ್ಲಿ ನನಗೆ ಮೊದಲು ಪರಿಚಯವಾದದ್ದು ಮೇಯರ್. ಮುದುಕರು ಇಟ್ಟ ಹೆಸರು ಅದು. ಯಾರೋ ಶ್ರೀಮಂತರ ಎಸ್ಟೇಟಿನಲ್ಲಿ ಒಂಟಿಯಾಗಿ ಬೆಳೆದಿದ್ದ ಜಿಂಕೆ, ಆ ಎಸ್ಟೇಟು ಮಾರಾಟವಾದಾಗ ವಸಂತದಲ್ಲಿ ಪಾರ್ಕಿಗೆ ಬಂದಿತ್ತು. ಬರುವಾಗಲೇ ಹಣೆಯ ಮೇಲೆ ಎರಡು ಮೊಳಕೆ ಇದ್ದವಂತೆ. ನಾನು ನೋಡುವ ಹೊತ್ತಿಗೆ ಅವು ಕೊಂಬಾಗಿದ್ದವು. ಬಲಗೊಂಬು ನೆಟ್ಟಗೆ ಎದ್ದು ಎರಡಾಗಿ ಕವಲೊಡೆದಿತ್ತು. ಎಡಗೊಂಬು ಮಾತ್ರ ಮನಸ್ಸು ಬದಲಾಯಿಸಿದ ಹಾಗೆ ಕಿವಿಯ ಕಡೆ ಬಾಗಿತ್ತು. ಓರೆಯಾಗಿ ಹ್ಯಾಟು ಹಾಕಿಕೊಂಡವರಂತೆ ತಲೆ ವಾಲಿಸಿ, ಬೇಲಿಯ ಉದ್ದಕ್ಕೂ ನಿಧಾನವಾಗಿ ನಡೆಯುತ್ತ, ನಿಂತಿದ್ದವರ ಕೈಯನ್ನೆಲ್ಲ ಒಂದೊಂದಾಗಿ ಮೂಸುತ್ತ ಹೋಗುತ್ತಿತ್ತು. ಚುನಾವಣೆಗೆ ನಿಂತವರು ಕೈ ಕುಲುಕುವುದು ಹಾಗೆಯೇ ಎಂದು ಮುದುಕರು ಮೇಯರ್ ಎಂದು ಕರೆದರು.

ಅವರೆಲ್ಲ ಮಾತುಮಾತಿಗೆ 'ಅವನು' ಅನ್ನುತ್ತಿದ್ದರು. ನಾನು ಮನಸ್ಸಿನಲ್ಲಿ ಕನ್ನಡದಲ್ಲಿ ಯೋಚಿಸುತ್ತಿದ್ದುದರಿಂದ ನನಗೆ ಅದು 'ಅದು'. ಗಂಡಾದರೂ ಅದು, ಹೆಣ್ಣಾದರೂ ಅದು. ಹಾಗಾಗಿ ಬೇಸಿಗೆಯಿಡೀ ನನಗೆ ಆ ಪ್ರಶ್ನೆಯೇ ಏಳಲಿಲ್ಲ.

ಎದ್ದದ್ದು ಸೆಪ್ಟೆಂಬರಿನಲ್ಲಿ. ಜಿಂಕೆಯ ಕೊಂಬು ಬೆಳೆಯುವಾಗ ಅದರ ಮೇಲೆ ಮಖಮಲ್ಲಿನಂಥ ರೋಮದ ತೊಗಲಿರುತ್ತದೆ. ಬೇಸಿಗೆ ಮುಗಿಯುತ್ತಿದ್ದಂತೆ ಗಂಡುಗಳು ಅದನ್ನು ಮರಕ್ಕೆ ತಿಕ್ಕಿ ತಿಕ್ಕಿ ಕಿತ್ತುಕೊಳ್ಳುತ್ತವೆ, ಒಳಗಿನ ಗಟ್ಟಿ ಕೊಂಬು ಹೊಳೆಯತೊಡಗುತ್ತದೆ. ನಮ್ಮಲ್ಲಿದ್ದ ನಾಲ್ಕು ಗಂಡುಗಳೂ ಓಕ್ ಮರಗಳ ತೊಗಟೆ ಹಾರಿಸಿ ಕೊಂಬು ಮಸೆದು ಸಿದ್ಧವಾದವು. ಮೇಯರ್ ಮಾತ್ರ ಮಖಮಲ್ಲು ಹೊದ್ದುಕೊಂಡು ಬ್ರೆಡ್ಡು ತಿನ್ನುತ್ತ ನಿಂತಿತ್ತು.

"ಸೋಮಾರಿ," ಎಂದರು ಮುದುಕರು. "ರಾಜಕಾರಣಿ ಅಲ್ವಾ!"

ಅಕ್ಟೋಬರಿನ ಹೊತ್ತಿಗೆ ಗಂಡುಗಳಿಗೆ ಮದ ಬಂತು. ಬೇಲಿಗೆ ಗುದ್ದುವುದು, ಒಂದಕ್ಕೊಂದು ಕೊಂಬು ಹಾಕುವುದು. ಒಂದು ದಿನ ಒಂದು ಗಂಡು ಮುದುಕರನ್ನೇ ಮೇವಿನ ಕೊಟ್ಟಿಗೆಯ ಗೋಡೆಗೆ ಒತ್ತಿ ನಿಲ್ಲಿಸಿಬಿಟ್ಟಿತು. ಅವರ ಪುಣ್ಯಕ್ಕೆ ಕೈಯಲ್ಲಿ ಓಟ್ಸಿನ ಬಕೆಟ್ಟಿತ್ತು. ಅದನ್ನು ಅಡ್ಡ ಹಿಡಿದು ಉಳಿದುಕೊಂಡರು. ಕಮಿಟಿ ಸೇರಿತು. ಬೇರೆ ಯಾವ ಪಾರ್ಕೂ ಇವನ್ನು ತೆಗೆದುಕೊಳ್ಳಲು ಒಪ್ಪಲಿಲ್ಲ, ಕಾಡಿಗೆ ಬಿಡಲು ಸರ್ಕಾರ ಒಪ್ಪಲಿಲ್ಲ. ಎಲ್ಲಕ್ಕಿಂತ ದೊಡ್ಡ ಗಂಡು ಒಂದನ್ನು ಇಟ್ಟುಕೊಂಡು, ಕೊಂಬಿರುವ ಉಳಿದವನ್ನೆಲ್ಲ ಚಳಿ ಬಲಿಯುವ ಮೊದಲು 'ರಿಡ್ಯೂಸ್' ಮಾಡುವುದು, ಮಾಂಸವನ್ನು ವೃದ್ಧಾಶ್ರಮಕ್ಕೆ ಕೊಡುವುದು ಎಂದು ತೀರ್ಮಾನವಾಯಿತು. ಮುದುಕರ ಪಕ್ಕೆಯ ಮೇಲಿನ ನೀಲಿ ಬರೆ ನೋಡಿದ್ದ ನಾನೂ ಕೈ ಎತ್ತಿದೆ.

"ರಿಡ್ಯೂಸ್ ಅಂದ್ರೆ?" ಎಂದರು ನನ್ನ ಗಂಡ, ಕೈಯಲ್ಲಿ ಸಾರಿನ ಸೌಟು ಹಿಡಿದುಕೊಂಡು.

"ಅಂದ್ರೆ ಕೊಲ್ಲೋದು ರೀ."

ಅವರು ಸೌಟು ಕೆಳಗಿಟ್ಟು, "ಅಮ್ಮನಿಗೆ ಕಾಗದ ಬರೆಯುವಾಗ ಕಮಿಟಿ ಅಂತಷ್ಟೇ ಬರಿ," ಎಂದರು.

ನವೆಂಬರಿನ ಒಂದು ಬಿಸಿಲಿನ ದಿನ ಶಾಲೆಯ ಮಕ್ಕಳು ಸಾಲುಸಾಲಾಗಿ ಪಾರ್ಕಿಗೆ ಬಂದರು. ಅಧ್ಯಕ್ಷೆ ಅವರಿಗೆ ಜಿಂಕೆಗಳ ಬಗ್ಗೆ ನಾಲ್ಕು ಮಾತು ಹೇಳು ಎಂದು ನನ್ನನ್ನು ಮುಂದಕ್ಕೆ ತಳ್ಳಿದ್ದರು. ನಾನು ಸೀರೆಯ ಮೇಲೆ ಕೋಟು ಹಾಕಿಕೊಂಡು, "ಜಿಂಕೆಗೆ ಹೊಟ್ಟೆಯಲ್ಲಿ ನಾಲ್ಕು ಕೋಣೆ," ಎಂದು ಶುರುಮಾಡಿದ್ದೆ. ಅಷ್ಟರಲ್ಲಿ ದೊಡ್ಡ ಗಂಡು ಕತ್ತು ಚಾಚಿ, ಮೂಗು ನೆಲಕ್ಕೆ ಹಿಡಿದು, ಮೇಯರ್ ಹಿಂದೆ ಹೊರಟಿತು. ಮೇಯರ್ ಮುಂದೆ, ಅದು ಹಿಂದೆ. ಮರ ಸುತ್ತಿ, ನೀರಿನ ತೊಟ್ಟಿ ಸುತ್ತಿ, ಕೊಟ್ಟಿಗೆ ಸುತ್ತಿ ಮತ್ತೆ ನಮ್ಮೆದುರಿಗೇ ಬಂದವು.

"ಜಗಳ! ಇಬ್ಬರೂ ಕಾದಾಡ್ತಾರೆ ಈಗ!" ಎಂದು ಮುದುಕರು ನೀರೆರಚಲು ಬಕೆಟ್ ತರಲು ಓಡಿದರು.

ಅದು ಜಗಳವಾಗಿರಲಿಲ್ಲ. ಮೇಯರ್ ನಿಂತಿತು, ಬಾಲ ಸ್ವಲ್ಪ ಪಕ್ಕಕ್ಕೆ ಸರಿಸಿತು. ಮುಂದಿನದೆಲ್ಲ ಮಕ್ಕಳೆದುರೇ ನಡೆಯಿತು.

"ಮಿಸ್, ಅವರೇನು ಮಾಡ್ತಿದಾರೆ?" ಎಂದು ಒಂದು ಹುಡುಗಿ ಕೇಳಿತು.

"ಸ್ನೇಹಿತರು ಆಟ ಆಡ್ತಿದಾರೆ," ಎಂದರು ಟೀಚರು. ಅವರ ಕತ್ತು ಕೆಂಪಾಗಿತ್ತು. "ಎಲ್ರೂ ಆ ಕಡೆ ಬಾತುಕೋಳಿ ನೋಡೋಣ ಬನ್ನಿ!"

ಅಧ್ಯಕ್ಷೆ ಬೇಲಿ ಹಿಡಿದುಕೊಂಡು ನಗುತ್ತಿದ್ದರು, ಶಬ್ದ ಮಾಡಲೂ ಆಗದಷ್ಟು. ಸೋಮಾರಿತನವಲ್ಲ, ಮಖಮಲ್ಲು ಯಾಕೆ ಉದುರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಅಪರೂಪಕ್ಕೆ ಹೆಣ್ಣುಜಿಂಕೆಗೂ ಕೊಂಬು ಮೂಡುವುದುಂಟು ಎಂದು ಎಲ್ಲೋ ಅಡಿಟಿಪ್ಪಣಿಯಲ್ಲಿ ಓದಿದ್ದೆ. ಆ ಅಡಿಟಿಪ್ಪಣಿ ಈಗ ನನ್ನೆದುರು ನಿಂತು ಎಲೆ ಮೆಲ್ಲುತ್ತಿತ್ತು.

ಬಕೆಟ್ ಹಿಡಿದು ಬಂದ ಮುದುಕರಿಗೆ, "ಮೇಯರ್ ಹೆಣ್ಣು," ಎಂದೆ.

"ಕೊಂಬು ಕಾಣಿಸಲ್ವಾ ನಿನಗೆ?" ಎಂದರು ಅವರು. "ದೊಡ್ಡವನಿಗೆ ಮದದಲ್ಲಿ ಕಣ್ಣು ಕಾಣಲ್ಲ, ಅಷ್ಟೇ. ತೊಟ್ಟಿ ಸಿಕ್ಕಿದ್ರೆ ತೊಟ್ಟಿಗೂ ಹಾಗೇ ಮಾಡ್ತಾನೆ."

ಅವರು ಒಪ್ಪದಿದ್ದರೆ ಮೇಯರ್ ಉಳಿಯುವಂತಿರಲಿಲ್ಲ. ಕೊಂಬಿದ್ದವೆಲ್ಲ ಹೋಗಬೇಕು ಎಂದು ನಾನೇ ಕೈ ಎತ್ತಿ ಆಗಿತ್ತು. ನನ್ನ ಮಾತಿಗಿಂತ ಗಟ್ಟಿಯಾದ ಸಾಕ್ಷಿ ಬೇಕಿತ್ತು. ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿದ್ದ ಧಾರವಾಡದ ಡಾಕ್ಟರಿಗೆ ಫೋನು ಮಾಡಿದೆ. ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅಕ್ಕ ಎನ್ನುತ್ತಿದ್ದೆ. ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರು.

"ಪೇಷಂಟ್ ಯಾರು?" ಎಂದರು.

"ಜಿಂಕೆ, ಅಕ್ಕಾ."

"ನನಗ ಇಷ್ಟು ವರ್ಷದಾಗ ಯಾರೂ ಇಂಥಾ ಛಲೋ ಕೇಸ್ ಕೊಟ್ಟಿಲ್ಲ ನೋಡವಾ. ಶನಿವಾರ ಬರ್ತೀನಿ."

ಶನಿವಾರ ಯಾರದೋ ಮನೆಯ ದೀಪಾವಳಿ ಊಟ ಮುಗಿಸಿಕೊಂಡು ನೇರವಾಗಿ ಬಂದರು. ಇಳಕಲ್ ಸೀರೆ, ಅದರ ಮೇಲೆ ಗಂಡನ ಓವರ್‌ಕೋಟು, ಕಾಲಿಗೆ ರಬ್ಬರ್ ಬೂಟು, ಕೈಯಲ್ಲಿ ಟಾರ್ಚು. ಮುದುಕರು ಮೇಯರನ್ನು ಓಟ್ಸಿನ ಆಸೆ ತೋರಿಸಿ ಕೊಟ್ಟಿಗೆಯೊಳಗೆ ನಿಲ್ಲಿಸಿಕೊಂಡಿದ್ದರು. ಮುಖದಲ್ಲಿ ಮಾತ್ರ, ಈ ಹೆಂಗಸರಿಗೆ ಬೇರೆ ಕೆಲಸವಿಲ್ಲ ಎನ್ನುವ ಭಾವ.

ಅಕ್ಕ ಕೋಟಿನ ತೋಳು ಮಡಿಸಿ, ಅಭ್ಯಾಸಬಲದಿಂದ ಮುದುಕರ ಕಡೆ ತಿರುಗಿ ಗಂಭೀರವಾಗಿ ಇಂಗ್ಲಿಷಿನಲ್ಲಿ ಕೇಳಿದರು: "ಲಾಸ್ಟ್ ಪೀರಿಯಡ್ ಯಾವಾಗ?"

ಮುದುಕರು ಕಿವಿಯವರೆಗೆ ಕೆಂಪಾಗಿ ಓಟ್ಸಿನ ಬಕೆಟ್ಟಿನೊಳಗೆ ನೋಡತೊಡಗಿದರು. ನಾನು ಅಲ್ಲೇ ಹುಲ್ಲಿನ ಮೇಲೆ ಕುಸಿದೆ. ಅಕ್ಕನಿಗೆ ತಾನು ಏನು ಕೇಳಿದೆ ಎಂದು ತಿಳಿಯುವುದಕ್ಕೆ ಎರಡು ಉಸಿರು ಬೇಕಾಯಿತು. ಆಮೇಲೆ ಅವರು ನಕ್ಕ ರಭಸಕ್ಕೆ ಟಾರ್ಚು ಕೆಳಗೆ ಬಿದ್ದು ಆರಿಹೋಯಿತು. ಅದನ್ನು ಬಡಿದು ಬಡಿದು ಮತ್ತೆ ಹೊತ್ತಿಸಬೇಕಾಯಿತು.

ಪರೀಕ್ಷೆ ಶುರುವಾದ ಮೇಲೆ ಅವರು ಬೇರೆಯೇ ಮನುಷ್ಯರು. ಮಂಡಿಯೂರಿ ಕೂತು, ಹೊಟ್ಟೆಯ ಕೆಳಗೆ ಟಾರ್ಚು ಹಿಡಿದು, ಮೆಲ್ಲಗೆ ಕೈಯಾಡಿಸುತ್ತ, ಬಾಯಲ್ಲಿ ಹೆರಿಗೆ ಕೋಣೆಯ ಮಾತು: "ಹೆದರಬ್ಯಾಡವಾ, ಏನೂ ಮಾಡಂಗಿಲ್ಲ. ಹಾಂ, ಹಂಗs ನಿಂದ್ರು." ಮೇಯರ್ ತಲೆ ತಿರುಗಿಸಿ ಅವರ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು ಅಗಿಯತೊಡಗಿತು. ಅಕ್ಕ ಬಿಡಿಸಿಕೊಳ್ಳಲಿಲ್ಲ. ಹಿಂದಕ್ಕೆ ಹೋಗಿ ಬಾಲ ಎತ್ತಿ ನೋಡಿದರು. ಎದ್ದು ನಿಂತು ಕೈ ಒರೆಸಿಕೊಂಡರು.

"ಹೆಣ್ಣs ಅದ ತಂಗಿ. ಪೂರ್ತಿ ಹೆಣ್ಣು. ನನ್ನಷ್ಟs, ನಿನ್ನಷ್ಟs."

ಮುದುಕರಿಗೆ ಇಂಗ್ಲಿಷಿನಲ್ಲಿ ಹೇಳಿ, ಟಾರ್ಚು ಅವರ ಕೈಗೆ ಕೊಟ್ಟು, ತೋರಿಸಿದರು. ಅವರು ಬಾಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನೆಟ್ಟಗೆ ನಿಂತು, ಟೋಪಿ ತೆಗೆದು ಎದೆಗೆ ಹಿಡಿದು, "ಕ್ಷಮಿಸಬೇಕು ಮೇಡಂ," ಎಂದು ಜಿಂಕೆಗೆ ಹೇಳಿದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದು ಮೇಯರಮ್ಮ.

ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ ನ್ಯೂಯಾರ್ಕಿನ ಬೆಲ್‌ರೋಸಿನಲ್ಲಿದ್ದ ನನ್ನ ಗಂಡನ ಸೋದರತ್ತೆಯ ಮಗನ ಮನೆಗೆ ಊಟಕ್ಕೆ ಹೋದೆವು. ಬಿಸಿಬೇಳೆಬಾತು, ಹಪ್ಪಳ, ಏಳೆಂಟು ಕುಟುಂಬ, ನೆಲದ ಮೇಲೆಲ್ಲ ಮಕ್ಕಳು. ಮಾತಿಗೆ ಮಾತು ಬಂದು ನನ್ನ ಗಂಡ ಮೇಯರಮ್ಮನ ಕತೆ ತೆಗೆದರು. "ಕಮಿಟಿ ಸೇರಿದ್ಮೇಲೆ ಇವಳಿಗೂ ಸ್ವಲ್ಪ ಕೊಂಬು ಬಂದಿದೆ," ಎಂದು ಸೇರಿಸಿದರು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದವರೆಲ್ಲ ಜಿಂಕೆಯನ್ನು ಕೊಲ್ಲಬೇಕೋ ಬೇಡವೋ ಎಂದು ವಾದಕ್ಕೆ ಬಿದ್ದರು.

"ಗರಗಸ ತಗೊಂಡು ಕೊಂಬು ಕೊಯ್ದುಬಿಡಿ. ಪ್ರಾಬ್ಲಮ್ ಸಾಲ್ವ್ಡ್," ಎಂದರು ಒಬ್ಬ ಇಂಜಿನಿಯರು.

"ಮಖಮಲ್ಲಿನ ಒಳಗೆ ರಕ್ತ ಓಡಾಡ್ತಿರತ್ತೆ. ಹಾಗೆ ಕೊಯ್ದ್ರೆ ಸುರಿದು ಸತ್ತೇ ಹೋಗಬಹುದು," ಎಂದೆ.

"ಹಾಗಾದ್ರೆ ಕೊಂಬಿಗೆ ಟವೆಲ್ ಸುತ್ತಿ," ಎಂದರು ಇನ್ನೊಬ್ಬರು.

ಮನೆಯೊಡತಿ ಅಡುಗೆಮನೆಯ ಬಾಗಿಲಲ್ಲಿ ತುಪ್ಪದ ಗಿಂಡಿ ಹಿಡಿದು ನಿಂತು, "ಹೆಣ್ಣಾಗಿದ್ದೂ ಕೊಂಬಿದೆ ಅಂತ ಕೊಲ್ಲೋದಾದ್ರೆ ನಮ್ಮತ್ತೆಯವರ ಗತಿ ಏನಪ್ಪಾ?" ಎಂದರು. ಅವರ ಅತ್ತೆ ಮೈಸೂರಿನಲ್ಲಿದ್ದರು. ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗಂಡಸರು ನಗಬಹುದೋ ಬಾರದೋ ಎಂದು ಮನೆಯೊಡೆಯನ ಮುಖ ನೋಡಿದರು. ಅವನೂ ನಕ್ಕ.

ಆ ಗಲಾಟೆಯ ನಡುವೆ ಸಂಖ್ಯಾಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಒಬ್ಬರು ಮೊಸರನ್ನ ಕಲಸುತ್ತ ಮೆಲ್ಲಗೆ ಹೇಳಿದರು: "ನೋಡಿ, ನೀವು ಹೆಣ್ಣು ಅಂತ ಸಾಬೀತು ಮಾಡಿ ಅದನ್ನ ಉಳಿಸಬೇಕು ಅಂತಿದೀರಿ. ಆದ್ರೆ ರಿಡ್ಯೂಸ್ ಅಂದ್ರೆ ಸಂಖ್ಯೆ ಇಳಿಸೋದು. ಸಂಖ್ಯೆ ಬೆಳೆಸೋದು ಹೆಣ್ಣು. ಲೆಕ್ಕದ ಪ್ರಕಾರ ಮೊದಲು ತೆಗೀಬೇಕಾದ್ದು ಹೆಣ್ಣನ್ನೇ."

ನನ್ನ ನಗು ಅಲ್ಲಿಗೆ ನಿಂತಿತು. ಅವರು ಹೇಳಿದ್ದು ಸರಿಯಾಗಿತ್ತು, ಪ್ರಾಣಿಶಾಸ್ತ್ರ ಓದಿದ ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಹೆಣ್ಣು ಎಂದು ಗೊತ್ತಾದ ಕೂಡಲೇ ಪಾರಾಯಿತು ಎಂದು ಕುಣಿದಿದ್ದೆ. ಕಾರಿನಲ್ಲಿ ವಾಪಸು ಬರುವಾಗ ಸೇತುವೆಯ ಉದ್ದಕ್ಕೂ ಬೆರಳು ಮಡಿಸಿ ಹೆಣ್ಣುಜಿಂಕೆಗಳನ್ನು ಎಣಿಸುತ್ತಿದ್ದೆ. "ಏನಾಯ್ತೇ?" ಎಂದು ಗಂಡ ಕೇಳಿದರು.

"ಆ ಮನುಷ್ಯ ಹೇಳಿದ್ದನ್ನ ಕಮಿಟಿಯಲ್ಲಿ ಯಾರೂ ಹೇಳದೇ ಇದ್ರೆ ನಾನು ಸುಮ್ನೆ ಇರಬಹುದಾ ರೀ?"

"ಇರಬಹುದು," ಎಂದರು. ಒಂದು ಸಿಗ್ನಲ್ ದಾಟಿದ ಮೇಲೆ, "ನೀನು ಇರಲ್ಲ ಬಿಡು," ಎಂದರು.

ಮುಂದಿನ ವಾರ ಅಗ್ನಿಶಾಮಕ ಠಾಣೆಯ ಮೇಲಿನ ಕೋಣೆಯಲ್ಲಿ ಮೀಟಿಂಗು. ಮೇಜಿನ ನಡುವೆ ಡೋನಟ್ಟುಗಳ ಡಬ್ಬಿ. ಅಧ್ಯಕ್ಷೆ ಡಾಕ್ಟರ ಪರೀಕ್ಷೆಯ ಕತೆಯನ್ನು ಮುದುಕರ ಬಾಯಿಂದಲೇ ಹೇಳಿಸಿ, ಮೊದಲ ಹತ್ತು ನಿಮಿಷ ಯಾರಿಗೂ ಕೆಲಸ ಮಾಡಲು ಬಿಡಲಿಲ್ಲ. ಕೊನೆಗೆ ಸಾರ್ಜೆಂಟರು ಗಂಟಲು ಸರಿಮಾಡಿಕೊಂಡರು.

"ಅದೆಲ್ಲ ಸರಿ. ನಾನು ನಲವತ್ತು ವರ್ಷ ಬೇಟೆ ಆಡಿದೀನಿ. ಕೊಂಬಿದ್ರೆ ಅದು ಗಂಡು. ಕಾನೂನು ತಲೆ ನೋಡತ್ತೆ, ಬಾಲ ನೋಡಲ್ಲ. ನಾವು ಕೊಂಬಿದ್ದವನ್ನ ತೆಗೀತೀವಿ ಅಂತ ತೀರ್ಮಾನ ಮಾಡಿದ್ವಿ. ಮಾಡಿದ್ಮೇಲೆ ಮಾಡಿದ್ವಿ."

"ಅವಳು ಯಾರಿಗೂ ಗುದ್ದಿಲ್ಲ," ಎಂದರು ಮುದುಕರು.

ಅಧ್ಯಕ್ಷೆ ನನ್ನ ಕಡೆ ತಿರುಗಿದರು. "ನೀನು ಹೇಳಮ್ಮ. ಓದಿದವಳು ನೀನು."

ಮೊದಲು ನನಗೆ ವಿರುದ್ಧವಾದದ್ದನ್ನೇ ಹೇಳಿದೆ. ಹೆಣ್ಣು ಎಂದರೆ ವರ್ಷ ವರ್ಷ ಮರಿ, ಬಹುಶಃ ಈಗಲೇ ಗಬ್ಬವಾಗಿರಬಹುದು. ಸಂಖ್ಯೆ ಇಳಿಸುವುದೇ ಉದ್ದೇಶವಾದರೆ ಗಂಡುಗಳಿಗಿಂತ ಹೆಣ್ಣುಗಳನ್ನು ತೆಗೆಯುವುದೇ ಸರಿಯಾದ ದಾರಿ. ಮುದುಕರು ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಸಾರ್ಜೆಂಟರು ಡೋನಟ್ಟು ಎತ್ತಿಕೊಂಡರು.

"ಆದ್ರೆ ನಾವು ಅಕ್ಟೋಬರಿನಲ್ಲಿ ಕೈ ಎತ್ತಿದ್ದು ಸಂಖ್ಯೆಗಲ್ಲ," ಎಂದೆ. "ಇವರ ಪಕ್ಕೆ ಮುರೀತಿತ್ತು ಅಂತ. ಮದ ಬಂದ ಗಂಡುಗಳು ಮನುಷ್ಯರನ್ನ ಕೊಲ್ಲಬಹುದು ಅಂತ. ಆ ಕಾರಣ ಮೇಯರಮ್ಮನಿಗೆ ಅನ್ವಯಿಸಲ್ಲ. ಇನ್ನು ಸಂಖ್ಯೆ ಇಳಿಸಲೇಬೇಕು ಅಂದ್ರೆ ಒಳಗೆ ಏಳು ಹೆಣ್ಣಿವೆ. ಮುದಿ ಯಾವುದು, ಕಾಯಿಲೆ ಯಾವುದು ಅಂತ ನೋಡೋಣ. ಏಳರಲ್ಲಿ ಇದೇ ಸಾಯಬೇಕು ಅನ್ನೋದಕ್ಕೆ ತಲೆ ಮೇಲೆ ಏನೋ ಬೆಳೆದಿದೆ ಅನ್ನೋದೊಂದು ಕಾರಣ ಆಗಬಾರದು. ತಲೆ ಮೇಲೆ ಬೆಳೆದದ್ದಕ್ಕೆ ಸಾಯಿಸೋದಾದ್ರೆ..." ಅಷ್ಟು ಹೇಳಿ ನನ್ನ ಕಣ್ಣು ತಾನಾಗಿ ಅಧ್ಯಕ್ಷೆಯ ಹ್ಯಾಟಿನ ಮೇಲೆ ಹೋಯಿತು. ಅವತ್ತಿನ ಹ್ಯಾಟಿನಲ್ಲಿ ದ್ರಾಕ್ಷಿ ಗೊಂಚಲು ಬೇರೆ ಇತ್ತು.

ಆಕೆಗೆ ಅರ್ಥವಾಯಿತು. ಮೊದಲು ಭುಜ ಅಲ್ಲಾಡಿತು, ಆಮೇಲೆ ದ್ರಾಕ್ಷಿ. ಆಮೇಲೆ ಕೋಣೆಯೇ ಅಲ್ಲಾಡಿದ ಹಾಗಾಯಿತು. ಕೆಳಗಿನಿಂದ ಒಬ್ಬ ಫೈರ್‌ಮನ್ ಓಡಿ ಬಂದು ಎಲ್ಲ ಸರಿ ಇದೆಯಾ ಎಂದು ಕೇಳಿದ.

ನಗು ಇಳಿದ ಮೇಲೆ ಮುದುಕರು ಸಾರ್ಜೆಂಟರನ್ನು ನೇರವಾಗಿ ಕೇಳಿದರು: "ನಿಜ ಹೇಳು. ನಿನಗೆ ಆ ತಲೆ ಬೇಕಾಗಿದೆ, ಅಲ್ವಾ?"

ಸಾರ್ಜೆಂಟರು ಕಾಫಿ ಕಲಕಿದರು. ಸಕ್ಕರೆ ಹಾಕಿರಲಿಲ್ಲ, ಆದರೂ ಕಲಕಿದರು. "ಅಂಥ ಕೊಂಬು ನಾನು ಎಲ್ಲೂ ನೋಡಿಲ್ಲ," ಎಂದರು. ಆ ದೊಡ್ಡ ದೇಹದ ಮನುಷ್ಯನ ದನಿಯಲ್ಲಿ ಎಂಥ ಆಸೆ ಇತ್ತೆಂದರೆ ನನಗೆ ಪಾಪ ಎನ್ನಿಸಿತು.

"ಗೋಡೆ ಮೇಲೆ ಯಾಕೆ, ಭಾನುವಾರ ಬಂದು ಬೇಲಿ ಹತ್ರ ನಿಂತು ನೋಡು. ಕೈಯಿಂದ ಬ್ರೆಡ್ಡು ತಿಂತಾಳೆ," ಎಂದರು ಮುದುಕರು.

ಮೇಯರಮ್ಮನನ್ನು ಉಳಿಸಲು ಮತ ಹಾಕಿದಾಗ ಮೂರು ಕೈ ಮೇಲೆದ್ದವು. ಸಾರ್ಜೆಂಟರು ತಮ್ಮದನ್ನು ಅರ್ಧ ಎತ್ತಿ, ಅದರಿಂದಲೇ ಕಿವಿ ತುರಿಸಿಕೊಂಡರು. ಅಧ್ಯಕ್ಷೆ ಅದನ್ನೂ ಎಣಿಸಿಕೊಂಡರು.

ಡಿಸೆಂಬರಿನಲ್ಲಿ ಮೂರು ಗಂಡುಗಳು ಹೋದವು. ಸರ್ಕಾರದ ಪರವಾನಗಿ ಇದ್ದವನೊಬ್ಬ ಮಂಜು ಬಿದ್ದ ಬೆಳಿಗ್ಗೆ ಬಂದ. ಬರಬೇಕಾಗಿಲ್ಲ ಎಂದು ಎಲ್ಲರೂ ಹೇಳಿದರು. ಕೈ ಎತ್ತಿದವಳು ನಾನು, ಮನೆಯಲ್ಲಿ ಕೂತು ಕಾಫಿ ಕುಡಿಯಲು ಮನಸ್ಸಾಗಲಿಲ್ಲ. ಅಧ್ಯಕ್ಷೆ ಅವತ್ತು ಬರಿದಲೆಯಲ್ಲಿ ಬಂದಿದ್ದರು. ನನ್ನ ಕೈ ಹಿಡಿದುಕೊಂಡು ಪಾರ್ಕಿನ ಗೇಟಿನ ಹತ್ತಿರ ನಿಂತರು. ಮೂರು ಶಬ್ದ ಕೇಳಿಸಿತು. ಆಮೇಲೆ ಆಕೆ ನನ್ನನ್ನು ತಮ್ಮ ಕಾರಿನಲ್ಲಿ ಮನೆಗೆ ಬಿಟ್ಟು, ನನ್ನ ಕೋಟಿನ ಗುಂಡಿ ಹಾಕಿ ಹೋದರು. ರಾತ್ರಿ ನನಗೆ ಊಟ ಸೇರಲಿಲ್ಲ. ಅದೊಂದು ತಪ್ಪು ತೀರ್ಮಾನ ಎಂದು ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ.

ಆ ಚಳಿಗೆ ಮೇಯರಮ್ಮನ ಎಡಗೊಂಬಿನ ತುದಿ ಮರಗಟ್ಟಿ ಉದುರಿತು. ಸಾರ್ಜೆಂಟರು ಪ್ರತಿ ಭಾನುವಾರ ಬರತೊಡಗಿದ್ದರು. ಕೈಗವಸು ತೆಗೆದು ಬರಿಗೈಯಲ್ಲಿ ಬ್ರೆಡ್ಡು ಹಿಡಿಯುತ್ತಿದ್ದರು. ಉದುರಿದ ತುದಿಯನ್ನು ಮುದುಕರು ಅವರಿಗೇ ಕೊಟ್ಟರು. ಹೆಬ್ಬೆರಳಿನಷ್ಟುದ್ದದ ಅದನ್ನು ಅವರು ಕರ್ಚೀಫಿನಲ್ಲಿ ಸುತ್ತಿ ಎದೆಯ ಜೇಬಿನಲ್ಲಿಟ್ಟುಕೊಂಡರು.

ಜೂನ್ ಮೊದಲ ವಾರ ನಾನು ದೋಸೆ ಹುಯ್ಯುತ್ತಿದ್ದಾಗ ಫೋನು ಬಂತು. ಮುದುಕರು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ. "ಎರಡು! ಎರಡು ಮರಿ!" ಎಂದು ಕೂಗಿ ಇಟ್ಟುಬಿಟ್ಟರು. ನನಗೆ ಲೈಸೆನ್ಸು ಬಂದು ಹೆಚ್ಚು ದಿನವಾಗಿರಲಿಲ್ಲ, ಅವತ್ತು ಕಾರು ಮನೆಯಲ್ಲಿತ್ತು. ಒಲೆ ಆರಿಸಿ, ಹವಾಯಿ ಚಪ್ಪಲಿಯಲ್ಲೇ ಹೊರಟೆ. ಹೋಗುವ ದಾರಿಯಲ್ಲಿ ಬಲಕ್ಕೆ ತಿರುಗುವಾಗೆಲ್ಲ ಇಂಡಿಕೇಟರ್ ಬದಲು ವೈಪರ್ ಹಾಕಿದೆ.

ಓಕ್ ಮರದ ಬುಡದಲ್ಲಿ ಮೇಯರಮ್ಮ ನಿಂತಿದ್ದಳು. ಹೌದು, ಅಲ್ಲಿಂದ ಮುಂದೆ ನನಗೂ 'ಅದು' ಎನ್ನಲು ಬಾಯಿ ಬರಲಿಲ್ಲ. ಉದುರಿದ ಎಡಗೊಂಬಿನ ತುದಿ ಮತ್ತೆ ಮೂಡಲು ಶುರುವಾಗಿತ್ತು. ಅವಳ ಹೊಟ್ಟೆಯ ಕೆಳಗೆ ಬಿಳಿ ಚುಕ್ಕೆಯ ಎರಡು ಮರಿಗಳು ಬಾಲ ಕುಣಿಸುತ್ತ ಹಾಲು ಕುಡಿಯುತ್ತಿದ್ದವು. ಅಧ್ಯಕ್ಷೆ ಆಗಲೇ ಬಂದು ಬೇಲಿಗೆ ಹ್ಯಾಟು ಒತ್ತಿಕೊಂಡು ನಿಂತಿದ್ದರು. ಸಾರ್ಜೆಂಟರು ಕ್ಯಾಮೆರಾ ತಂದಿದ್ದರು, ಫಿಲ್ಮು ತರಲು ಮರೆತಿದ್ದರು.

ಮಧ್ಯಾಹ್ನ ಡಾಕ್ಟರಕ್ಕ ಆಸ್ಪತ್ರೆಯಿಂದ ನೇರವಾಗಿ ಬಂದರು, ಕೈಯಲ್ಲಿ ಸ್ಟೀಲಿನ ಡಬ್ಬಿ. ಅಷ್ಟರಲ್ಲಿ ಊರಿನ ಅರ್ಧ ಜನ ಬೇಲಿಗೆ ಅಂಟಿಕೊಂಡಿತ್ತು. ಅಕ್ಕ ಡಬ್ಬಿ ತೆಗೆದರೆ ಒಳಗೆ ಅಂಟಿನುಂಡೆ. ಹುರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ. ಆ ವಾಸನೆಗೇ ನನ್ನ ಕಣ್ಣು ತುಂಬಿತು.

"ಬಾಣಂತಿ ಮನೀಗೆ ಬರೋವಾಗ ಖಾಲಿ ಕೈಲೆ ಬರ್ತಾರೇನು?" ಎಂದರು. "ಆಕಿಗೆ ಕೊಡಂಗಿಲ್ಲ, ಹೊಟ್ಟಿ ಕೆಡ್ತದ. ಆಕಿ ಹೆಸರೀಲೆ ನಾವs ತಿನ್ನೂಣು."

ಮುದುಕರು ಒಂದು ಉಂಡೆ ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಇದೇನು ಎಂದು ಕೇಳಿದರು. ಹೆತ್ತವರಿಗೆ ಸೊಂಟ ಗಟ್ಟಿಯಾಗಲೆಂದು ಕೊಡುವುದು ಎಂದು ಅಕ್ಕ ವಿವರಿಸಿದರು. ಅವರು ಒಂದು ತಿಂದರು, ಎರಡನೆಯದು ತಿಂದರು, ಕೈ ಸೊಂಟದ ಮೇಲಿಟ್ಟು, "ನಿಜ, ನನಗೂ ಆಗಲೇ ಹಗುರ ಅನ್ನಿಸ್ತಿದೆ," ಎಂದರು. ಸಾರ್ಜೆಂಟರು ತಮಗೂ ಸೊಂಟ ನೋವಿದೆ ಎಂದು ಕೈ ಚಾಚಿದರು. ಡಬ್ಬಿ ಬೇಲಿಯುದ್ದಕ್ಕೂ ಕೈಯಿಂದ ಕೈಗೆ ಹೋಗುತ್ತ, ನನಗೆ ಗುರುತಿಲ್ಲದ ಒಬ್ಬ ಅಂಚೆಯವನ ಹತ್ತಿರ ಖಾಲಿಯಾಯಿತು. ಅವನು ಬೆರಳು ನೆಕ್ಕಿಕೊಂಡು, ಡಬ್ಬಿಯನ್ನು ಅಕ್ಕನಿಗೆ ತಂದುಕೊಟ್ಟು, ಹೆತ್ತದ್ದು ಯಾರು ಎಂದು ಕೇಳಿದ.